ನಿನ್ನ ಅಪ್ಪನ ಕಾವಲಿ

ಶ್ರಾವ್ಯಾ, ನಿನಗೆ ಬರೆಯಲು ಬರುವುದಿಲ್ಲ ಎನ್ನುವುದು ಸುಳ್ಳು. ಆ ಸುಳ್ಳು ಹೇಳಿದವಳು ನಾನು. ಸುಳ್ಳೆಂದು ಗೊತ್ತಿದ್ದೇ ಹೇಳಿದೆ.

ಪೆರಂಬೂರಿನ ನಮ್ಮ ಮನೆಯ ಹಾಲಿನಲ್ಲಿ ಪ್ಲಸ್ ಟೂ ಮಕ್ಕಳಿಗೆ ಪ್ರಬಂಧ ಬರೆಸುತ್ತಿದ್ದ ಕಾಲ. ಪ್ರವೇಶ ಪರೀಕ್ಷೆಯಲ್ಲಿ ಅರ್ಧ ಗಂಟೆಗೆ ಒಂದು ಇಂಗ್ಲಿಷ್ ಪ್ರಬಂಧ. ನನ್ನ ಪಾಠ ಸರಳವಾಗಿತ್ತು — ಮೂರು ಉದಾಹರಣೆ ಬಾಯಿಪಾಠ ಮಾಡಿ, ಯಾವ ಪ್ರಶ್ನೆ ಬಂದರೂ ಅವನ್ನೇ ಒಗ್ಗಿಸಿ. ಮಕ್ಕಳಿಗೆ ಅಂಕ ಬರುತ್ತಿತ್ತು, ನನಗೆ ಜಂಬ ಬರುತ್ತಿತ್ತು.

ನೀನು ಮಾತ್ರ ನನ್ನ ಮೂರನ್ನೂ ಬಿಟ್ಟೆ. 'ಕಲಿಯುವುದು ಪುಸ್ತಕದಿಂದಲೋ, ಕೆಲಸದಿಂದಲೋ' ಎಂಬ ಪ್ರಶ್ನೆಗೆ, ಪ್ಯಾರೀಸ್ ಕಾರ್ನರಿನ ಹೋಟೆಲಿನಲ್ಲಿ ದೋಸೆ ಹುಯ್ಯುವ ನಿನ್ನ ಅಪ್ಪನನ್ನು ಬರೆದೆ. ಅವರು ಕಾವಲಿಗೆ ನೀರು ಚಿಮುಕಿಸಿ, ಚುಂಯ್ ಎನ್ನುವ ಸದ್ದಿನಿಂದಲೇ ಕಾವು ತಿಳಿಯುತ್ತಾರೆ. ಅಡುಗೆಮನೆಯ ಗದ್ದಲದಲ್ಲೇ ವರ್ಷಗಳು ಕಳೆದು ಒಂದು ಕಿವಿ ಮಂದವಾಗಿದೆ, ಈಗ ಇನ್ನೊಂದು ಕಿವಿಯನ್ನು ಕಾವಲಿಯತ್ತ ತಿರುಗಿಸುತ್ತಾರೆ. ರಜೆಯ ದಿನ ಮನೆಯಲ್ಲಿ ನೀರು ಚಿಮುಕಿಸಿ ನಿನ್ನನ್ನು ಕೇಳುತ್ತಾರೆ, ಸದ್ದು ಬಂತಾ ಎಂದು. ಹೋಟೆಲಿನಲ್ಲಿ ಅವರು ಯಾರನ್ನು ಕೇಳುತ್ತಾರೋ — ಅಲ್ಲಿಗೆ ನೀನು ನಿಲ್ಲಿಸಿದ್ದೆ.

ಓದಿ ನನ್ನ ಕಣ್ಣು ತುಂಬಿತ್ತು. ಹೊಟ್ಟೆಕಿಚ್ಚೂ ಆಯಿತು, ಹೇಳಿಬಿಡುತ್ತೇನೆ. ಅಂಥದೊಂದು ಪುಟ ನಾನು ಜನ್ಮದಲ್ಲಿ ಬರೆದಿರಲಿಲ್ಲ. ನಿನ್ನ ಹಾಳೆಯ ಮೇಲೆ 'ಗುಡ್' ಎಂದಷ್ಟೇ ಗೀಚಿದೆ.

ಆಮೇಲೆ ಮಾಡಿದ್ದು ಇದು. ನಿನ್ನ ಹೆಸರು ತೆಗೆದೆ, 'ನನ್ನ ಅಪ್ಪ' ಎಂದಿದ್ದಲ್ಲಿ 'ನಮ್ಮ ಬೀದಿಯ ಅಡುಗೆಯವರು' ಎಂದು ತಿದ್ದಿದೆ, ಜೆರಾಕ್ಸ್ ಮಾಡಿಸಿ ಶನಿವಾರದ ಗುಂಪಿಗೆ ಹಂಚಿದೆ. ನಾಲ್ಕನೆಯ ಸಿದ್ಧ ಉದಾಹರಣೆ! ನೀನು ಬುಧವಾರದ ಗುಂಪಿನವಳು — ನಿನಗೆ ಗೊತ್ತಾಗುವಂತಿರಲಿಲ್ಲ. ನಿನ್ನನ್ನು ಕೇಳಬೇಕು ಅಂತ ನನಗೆ ಅನಿಸಲೂ ಇಲ್ಲ.

ಆ ವರ್ಷ ಒಂದು ಕಾಲೇಜಿನ ಪ್ರವೇಶ ಪರೀಕ್ಷೆಯಲ್ಲಿ ಏಳು ಮಕ್ಕಳು ಅದೇ ಅಡುಗೆಯವರನ್ನು ಬರೆದರು. ಆರು ಜನ ಬಾಯಿಪಾಠದಿಂದ. ನೀನು, ನಿನ್ನ ಮನೆಯಿಂದ.

ಕಾಲೇಜಿನಿಂದ ಒಬ್ಬ ಮೇಡಂ ಫೋನ್ ಮಾಡಿದರು. ಏಳೂ ಮಕ್ಕಳು ನಿಮ್ಮ ಹೆಸರು ಹೇಳಿದ್ದಾರೆ, ಇದು ನೀವು ಕಲಿಸಿಕೊಟ್ಟ ಉದಾಹರಣೆಯೇ ಎಂದು ಮೆತ್ತಗೆ ಕೇಳಿದರು. "ಹೌದು ಮೇಡಂ, ಕ್ಲಾಸಲ್ಲಿ ಎಲ್ಲರಿಗೂ ನಾನೇ ಕೊಟ್ಟಿದ್ದು" ಎಂದೆ. ಅವರಲ್ಲಿ ಒಬ್ಬಳಿಗೆ ಆತ ಸ್ವಂತ ಅಪ್ಪ — ಇಷ್ಟು ಸೇರಿಸಿದ್ದರೆ ಸಾಕಿತ್ತು. ಮೇಡಂ ಫೋನಿಡದೆ ಒಂದು ಕ್ಷಣ ಕಾದರು ಕೂಡ. ನಾನು ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ಶಿಷ್ಯೆಯ ಬರಹ ಕದ್ದವಳು ಎಂದು ನನ್ನ ಬಣ್ಣ ಬಯಲಾಗುತ್ತಿತ್ತು.

ಬಾಯಿಪಾಠವೆಂದು ಏಳೂ ಹಾಳೆಗಳನ್ನು ಬದಿಗಿಟ್ಟರು. ಉಳಿದ ಆರು ಮಕ್ಕಳಿಗೆ ಬೇರೆ ಕಾಲೇಜುಗಳಿದ್ದವು. ನಿನಗೆ ಇದ್ದದ್ದು ಫೀಸಿಲ್ಲದ ಆ ಒಂದೇ ಸೀಟು, ಇಂಗ್ಲಿಷ್ ಬಿ.ಎ.

ನೀನು ಅಪ್ಪನ ಜೊತೆ ನಮ್ಮ ಮನೆಗೆ ಬಂದು ಸೋಫಾದ ತುದಿಯಲ್ಲಿ ಕೂತಿದ್ದೆ. ಅವರು ಕೇಳಿದರು, "ಅವಳಿಗೆ ಬರೆಯಲಿಕ್ಕೆ ಬರುದಿಲ್ಲವಾ ಟೀಚರ್? ನೀವೊಂದು ಮಾತು ಹೇಳಿ, ಸಾಕು." ಆ ಮನುಷ್ಯ ಒಳ್ಳೆಯ ಕಿವಿಯನ್ನು ನನ್ನತ್ತ ತಿರುಗಿಸಿ ಕಾದಿದ್ದರು. ನಾನು ಗಟ್ಟಿಯಾಗಿ, ಅವರಿಗೆ ಚೆನ್ನಾಗಿ ಕೇಳಿಸುವ ಹಾಗೆ ಹೇಳಿದೆ: "ಅಷ್ಟಾಗಿ ಬರಲ್ಲ. ಬೇರೆ ಏನಾದರೂ ಓದಲಿ."

"ಪರವಾಯಿಲ್ಲ ಮಿಸ್" ಎಂದೆ ನೀನು. ನನ್ನನ್ನೇ ಸಮಾಧಾನ ಮಾಡುವವಳಂತೆ.

ಹೋದ ವಾರ ತಂಗಿಯನ್ನು ಕ್ಲಾಸಿಗೆ ಸೇರಿಸಲು ಬಂದೆಯಲ್ಲ. ಹಾರ್ಬರ್ ಹತ್ತಿರದ ಆಫೀಸಿನಲ್ಲಿ ಕೆಲಸ, ಒಂದು ಮೇಲ್ ಬರೆಯಬೇಕಾದರೂ ಪಕ್ಕದವರ ಕೈಯಲ್ಲಿ ಬರೆಸುತ್ತೇನೆ ಎಂದು ನೀನು ನಕ್ಕೆ, ಅರ್ಧ ತಮಿಳಿನಲ್ಲಿ ಅಂದೆ: "ಎನಕ್ಕು ಎಳುದ ವರಾದು ಮಿಸ್, ಇವಳಿಗಾದ್ರೂ ಕಲಿಸಿ." ಬರೆಯಲು ಬರುವುದಿಲ್ಲವಂತೆ — ನಿನಗೆ! ಇಷ್ಟು ವರ್ಷ ನನ್ನ ಮಾತನ್ನೇ ನಂಬಿಕೊಂಡು ಬದುಕಿದ್ದೀಯ. ಆಗಲೂ ನಾನು ಕಾಫಿ ತರುವ ನೆಪದಲ್ಲಿ ಒಳಗೆ ಹೋದೆ.

ನಿನ್ನ ಆ ಹಾಳೆ ಈಗಲೂ ನನ್ನ ಬೀರುವಿನಲ್ಲಿದೆ. ಎಸೆಯಲಾಗಲಿಲ್ಲ, ನಿನಗೆ ಕೊಡಲೂ ಆಗಲಿಲ್ಲ.

ಇದನ್ನು ಕನ್ನಡದಲ್ಲಿ ಏಕೆ ಬರೆಯುತ್ತಿದ್ದೇನೆಂದು ನನಗೇ ಈಗ ಹೊಳೆಯಿತು — ಈ ತಮಿಳು ಊರಿನಲ್ಲೇ ಹುಟ್ಟಿ ಬೆಳೆದ ನಿನಗೆ ಕನ್ನಡ ಮಾತಾಡಲು ಬಂದರೂ ಓದಲು ಬಾರದು. ಒಪ್ಪಿಕೊಂಡ ಹಾಗೂ ಆಗಬೇಕು, ನಿನಗೆ ತಿಳಿಯಲೂಬಾರದು! ಎಂಥ ಹೆಂಗಸು ನಾನು.

ಆದರೆ ನಿನ್ನ ಅಪ್ಪನಿಗೆ ಕನ್ನಡ ಓದಲು ಬರುತ್ತದೆ. ಬರುವ ಭಾನುವಾರ ನಿಮ್ಮ ಮನೆಗೆ ಬಂದು ಈ ಕಾಗದವನ್ನೂ ನಿನ್ನ ಹಾಳೆಯನ್ನೂ ಅವರ ಕೈಗೆ ಕೊಡುತ್ತೇನೆ. ಅವರು ನಿನಗೆ ಓದಿ ಹೇಳಲಿ. ಓದಿ ಮುಗಿಯುವ ತನಕ ನಾನು ಅಲ್ಲೇ ನಿಂತಿರುತ್ತೇನೆ.