ಕಂಪೆನಿ ಕೊಟ್ಟ ಎಲೆ

ತಂಗಿಯ ಕೆಲಸ ಖಾಯಂ ಆಗಲು ಒಂದು ಪ್ರಮಾಣಪತ್ರ ಮಾತ್ರ ಬಾಕಿ ಇತ್ತು. ಬಂಟ್ವಾಳದ ಕಡೆಯ ಒಂದು ಖಾಸಗಿ ಕಾಲೇಜಿನಲ್ಲಿ ಅವಳು ಇತಿಹಾಸ ಕಲಿಸುತ್ತಾಳೆ. ಖಾಯಂ ಆಗದವರನ್ನು ಬೇಸಗೆ ರಜೆಗೆ ಮುಂಚೆ ಬಿಡುಗಡೆಗೊಳಿಸಿ ಜೂನ್‌ನಲ್ಲಿ ಮತ್ತೆ ಸೇರಿಸಿಕೊಳ್ಳುವುದು ಅಲ್ಲಿಯ ಪದ್ಧತಿ. ರಾಷ್ಟ್ರೀಯ ವಿಚಾರ ಸಂಕಿರಣದಲ್ಲಿ ಪ್ರಬಂಧ ಮಂಡಿಸಿದ ಪ್ರಮಾಣಪತ್ರ ತಂದರೆ ಖಾಯಂ ಮಾಡುವ, ಇಲ್ಲದಿದ್ದರೆ ಈ ಜೂನ್‌ಗೆ ಬೇರೆಯವರನ್ನು ನೋಡುವ ಎಂದು ಆಡಳಿತ ಮಂಡಳಿಯ ಅಧ್ಯಕ್ಷರು ಹೇಳಿದ್ದರು. ವಿಷಯ ಯಾವುದಿರಬೇಕೆಂದು ಅವರು ಹೇಳಲಿಲ್ಲ. ಹತ್ತಿರದಲ್ಲಿ ಸಿಕ್ಕಿದ್ದು ಮೂಡುಬಿದಿರೆಯಲ್ಲಿ ನಡೆಯಲಿದ್ದ ಬ್ರಿಟಿಷ್ ಇತಿಹಾಸ ಮತ್ತು ಸಂಸ್ಕೃತಿಯ ಸಂಕಿರಣ.

ನಾನು ಒಂದು ದಿನಪತ್ರಿಕೆಯ ತಾಲೂಕು ವರದಿಗಾರ. ಉದ್ಘಾಟನೆಯ ಸುದ್ದಿ ಕಳುಹಿಸುವ ಕೆಲಸ ಹೇಗೂ ನನಗೆ ಬಂದಿತ್ತು. ಅವಳನ್ನೂ ಕಾರಿನಲ್ಲಿ ಕೂರಿಸಿಕೊಂಡು ಹೊರಟೆ. ಸಿದ್ಧಕಟ್ಟೆಯಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಪ್ರಬಂಧವನ್ನು ನನ್ನ ಮುಂದಿಟ್ಟು, "ಅಕ್ಷರ ತಪ್ಪು ಉಂಟಾ ನೋಡು ಅಣ್ಣ" ಎಂದು ಬನ್ಸ್ ತಿನ್ನತೊಡಗಿದಳು.

‘ಜನರ ನೆನಪಿನಲ್ಲಿ ಕಂಪೆನಿ ಆಡಳಿತ’ ಎಂಬುದು ಶೀರ್ಷಿಕೆ. ಕೊಕ್ಕಡದ ಸುತ್ತಿನ ಮನೆಗಳಲ್ಲಿ ಹಿರಿಯರನ್ನು ಕಂಡು ಅವರ ಮಾತು ಬರೆದು ತರುವಂತೆ ತನ್ನ ವಿದ್ಯಾರ್ಥಿಗಳಿಗೆ ಹೇಳಿದ್ದಳು. ತುಳುವಿನ ಮಾತನ್ನು ಅವರು ಕನ್ನಡಕ್ಕೆ ಇಳಿಸಿದ್ದರು. "ಕಂಪೆನಿ ಎಲೆ ಕೊಡುತ್ತಿತ್ತು. ನನ್ನ ತಾಯಿಯ ಕಾಲದಲ್ಲಿಯೂ ಕೊಡುತ್ತಿತ್ತು. ಸರಿ ಇಲ್ಲದ್ದನ್ನು ಬ್ರಾಂಚಿನಲ್ಲಿ ಕಣ್ಣೆದುರೇ ಮುರಿದು ಹಾಕುತ್ತಿದ್ದರು." ಇದರ ಕೆಳಗೆ ತಂಗಿ ವಸಾಹತುಶಾಹಿ ಸುಲಿಗೆಯ ಬಗ್ಗೆ ಪುಟಗಟ್ಟಲೆ ಬರೆದಿದ್ದಳು. ಬ್ರಾಂಚ್ ಎಂದರೆ ಕಂಪೆನಿಯ ಸ್ಥಳೀಯ ಠಾಣೆ ಇರಬಹುದು ಎಂಬ ಅಡಿಟಿಪ್ಪಣಿಯೂ ಇತ್ತು.

"ಇದು ಯಾವ ಕಂಪೆನಿ?" ಎಂದು ಕೇಳಿದೆ.

"ಈಸ್ಟ್ ಇಂಡಿಯಾ ಕಂಪೆನಿ. ಮತ್ತೆ ಯಾವುದು?"

"ಹೇಳಿದವರಿಗೆ ಪ್ರಾಯ ಎಷ್ಟು?"

"ಅಜ್ಜಿಯಂದಿರು. ಎಪ್ಪತ್ತು, ಎಪ್ಪತ್ತೈದು ಇರಬಹುದು."

"ಅವರ ತಾಯಿಗೆ ಈಸ್ಟ್ ಇಂಡಿಯಾ ಕಂಪೆನಿ ಎಲೆ ಕೊಟ್ಟಿತಾ?"

"ನೆನಪು ತಲೆಮಾರಿನಿಂದ ತಲೆಮಾರಿಗೆ ಬರ್ತದೆ ಅಣ್ಣ. ಸಾಮೂಹಿಕ ಸ್ಮೃತಿ ಅಂತ ಹೇಳ್ತಾರೆ."

"ಬ್ರಾಂಚ್ ಕೂಡ ಸ್ಮೃತಿಯಲ್ಲಿ ಬಂತಾ? ಇದು ಬೀಡಿ ಕಂಪೆನಿ ಮಾರಾಯ್ತಿ."

ಅವಳು ಬನ್ಸನ್ನು ತಟ್ಟೆಗೆ ಇಟ್ಟಳು.

ನಮ್ಮಲ್ಲಿ ಬೀಡಿ ಕಟ್ಟುವ ಮನೆಯಲ್ಲಿ ಬೀಡಿ ಎಂಬ ಪದ ಅಷ್ಟಾಗಿ ಕೇಳುವುದಿಲ್ಲ. ಎಲೆ ಕೊಡುವುದು ಕಂಪೆನಿ, ಕಟ್ಟಿದ್ದನ್ನು ಒಪ್ಪಿಸುವುದು ಬ್ರಾಂಚಿಗೆ. ಮಾತು ಅಲ್ಲಿಗೆ ಮುಗಿಯುತ್ತದೆ. ಹೇಳಿದವರಿಗೂ ಬರೆದುಕೊಂಡ ಮಕ್ಕಳಿಗೂ ಅದು ಎಷ್ಟು ಗೊತ್ತಿತ್ತೆಂದರೆ ಇಡೀ ಪ್ರಬಂಧದಲ್ಲಿ ಬೀಡಿ ಒಮ್ಮೆಯೂ ಬಂದಿರಲಿಲ್ಲ. ನಮ್ಮ ಮನೆಯಲ್ಲಿ ಯಾರೂ ಬೀಡಿ ಕಟ್ಟಿದವರಲ್ಲ. ತಂಗಿ ಬ್ರಿಟಿಷರನ್ನು ಹುಡುಕುತ್ತಿದ್ದಳು, ಸಿಕ್ಕಿದರು.

"ಹೀಗೇ ಓದಿದರೆ ಏನಾಗ್ತದೆ?" ಎಂದು ಕೇಳಿದಳು.

"ಏನೂ ಆಗುವುದಿಲ್ಲ. ಸಭೆಯಲ್ಲಿ ಅರ್ಧ ಜನ ಬೀಡಿಯ ದುಡ್ಡಿನಲ್ಲಿ ಕಲಿತವರು, ನಗಾಡ್ತಾರೆ."

"ಹಾಗಾದರೆ ಮನೆಗೆ ಹೋಗುವ."

"ಜೂನ್‌ಗೆ?"

ಅವಳು ಉಳಿದ ಬನ್ಸ್ ತಿಂದು ಕಾರು ಹತ್ತಿದಳು.

ಉದ್ಘಾಟಕರು ಬರುವಾಗ ತುಂಬ ತಡವಾಗಿತ್ತು. ಏಪ್ರಿಲ್‌ನ ಸೆಕೆಯಲ್ಲಿ ಕೋಟು, ಟೈ ಧರಿಸಿದ್ದರು. ದೀಪ ಬೆಳಗಿಸಿ, ಶಾಲು ಹೊದೆಸಿಕೊಂಡು, ಹಣ್ಣಿನ ಬುಟ್ಟಿ ಪಡೆದ ಮೇಲೆ, ಬ್ರಿಟಿಷರು ಬಿಟ್ಟುಹೋದದ್ದನ್ನೆಲ್ಲ ನಾವು ಬಿಡಬೇಕೆಂದು ಕರೆ ನೀಡಿದರು. ಚಪ್ಪಾಳೆಯ ಬಳಿಕ ಚಹಾ ವಿರಾಮ ಘೋಷಿಸಲಾಯಿತು. ನಾನು ನಾಲ್ಕು ಪ್ಯಾರಾ ಸುದ್ದಿ ಕಳುಹಿಸಿದೆ. ಮೂರರಲ್ಲಿ ವೇದಿಕೆಯಲ್ಲಿದ್ದವರ ಹೆಸರುಗಳಿದ್ದವು. ಮಾಡಿದ ಭಾಷಣಕ್ಕಿಂತ ಬಿಟ್ಟುಹೋದ ಹೆಸರಿಗೆ ನಮ್ಮಲ್ಲಿ ಫೋನು ಹೆಚ್ಚು ಬರುತ್ತದೆ.

ಪ್ರಬಂಧಗಳು ಊಟದ ನಂತರಕ್ಕೆ ಹೋದವು. ಗೋಷ್ಠಿಯ ಅಧ್ಯಕ್ಷತೆ ವಹಿಸಿದ್ದವರು ಮೈಸೂರಿನ ಕಡೆಯ ನಿವೃತ್ತ ಪ್ರಾಧ್ಯಾಪಕರು, ತುಳು ಬಾರದವರು. ಇಂಗ್ಲೆಂಡಿನ ರಾಜಮನೆತನದ ಟೋಪಿಗಳ ಬಗ್ಗೆ ಒಬ್ಬರು ಮಾತನಾಡಿದರು. ಚಿತ್ರಗಳು ಪರದೆಯ ಮೇಲೆ ಮೂಡದ ಕಾರಣ ಟೋಪಿಗಳನ್ನು ಕೈಯಲ್ಲಿ ತೋರಿಸಿದರು. ಆಮೇಲೆ ತಂಗಿಯ ಸರದಿ.

ಅವಳು ಅಜ್ಜಿಯ ಮಾತನ್ನು ಓದಿದಳು. ಹಿಂದಿನ ಸಾಲಿನಲ್ಲಿ ನಗು ಶುರುವಾಯಿತು. "ನೀವು ನಗುವುದು ಸರಿ" ಎಂದಳು. "ಇದು ಈಸ್ಟ್ ಇಂಡಿಯಾ ಕಂಪೆನಿ ಅಂತ ಬರೆದಿದ್ದೇನೆ. ಅಲ್ಲ, ಬೀಡಿ ಕಂಪೆನಿ. ಕಂಪೆನಿ ಅಂದ ಕೂಡಲೇ ನನ್ನಂಥವರಿಗೆ ಬ್ರಿಟಿಷರು ಯಾಕೆ ಕಾಣ್ತಾರೆ, ಎಲೆ ಯಾಕೆ ಕಾಣುವುದಿಲ್ಲ ಅಂತ ಈಗ ಹೇಳ್ತೇನೆ." ಪ್ರಬಂಧವನ್ನು ಮಡಚಿ ಇಟ್ಟು ಅದನ್ನೇ ಹೇಳಿದಳು. ಆ ಮಧ್ಯಾಹ್ನ ಯಾರೂ ನಿದ್ರೆ ಮಾಡದ ಮಂಡನೆ ಅದೊಂದೇ ಎಂದು ದಾಖಲಿಸಬಹುದು.

ಗೋಷ್ಠಿಯ ಅಧ್ಯಕ್ಷರಿಗೆ ಸಂತೋಷ ತಡೆಯಲಾಗಲಿಲ್ಲ. "ಅದ್ಭುತ ಕಣಮ್ಮ. ಜನರ ಸ್ಮೃತಿಯಲ್ಲಿ ಎರಡು ಕಂಪೆನಿಗಳೂ ಒಂದಾಗಿಬಿಟ್ಟಿವೆ ನೋಡಿ."

"ಒಂದಾಗಿಲ್ಲ ಸರ್. ಅವರಿಗೆ ಇದ್ದದ್ದೇ ಒಂದು ಕಂಪೆನಿ. ಎರಡು ಮಾಡಿದ್ದು ನಾನು."

"ಅದೇ ನಾನೂ ಹೇಳಿದ್ದು" ಎಂದರು ಅಧ್ಯಕ್ಷರು.

ಸಂಜೆ ಪ್ರಮಾಣಪತ್ರದ ಮೇಜಿನ ಬಳಿ ಸಂಚಾಲಕರು ಕುಳಿತಿದ್ದರು. ಊರಿನವರೇ, ನನಗೂ ಪರಿಚಿತರು. ಪತ್ರದಲ್ಲಿ ಪ್ರಬಂಧದ ಶೀರ್ಷಿಕೆಯ ಕೆಳಗೆ ‘ಭಾಗವಹಿಸಿದ್ದಾರೆ’, ‘ಪ್ರಬಂಧ ಮಂಡಿಸಿದ್ದಾರೆ’ ಎಂದು ಎರಡೂ ಅಚ್ಚಾಗಿದ್ದವು, ಒಂದನ್ನು ಹೊಡೆದುಹಾಕಬೇಕು. ಅವರ ಪೆನ್ನು ‘ಮಂಡಿಸಿದ್ದಾರೆ’ಯ ಮೇಲೆ ಹೋಯಿತು.

"ಸರ್, ನಾನು ಮಂಡಿಸಿದ್ದೇನೆ" ಎಂದಳು ತಂಗಿ.

"ಬ್ರಿಟಿಷರ ಮೇಲೆ ಮಂಡಿಸಿದ್ದೀರಾ?"

"ಇಲ್ಲ."

"ಮತ್ತೆ? ಸುಮ್ಮನೆ ಓದಿ ಇಳಿಯುವುದಲ್ವಾ ಮಾರಾಯ್ರೆ. ಟೋಪಿಯವರನ್ನು ಯಾರಾದರೂ ಕೇಳಿದರಾ? ಒಂದು ಮಾಡುವ. ಅಚ್ಚಾದ ಶೀರ್ಷಿಕೆ ಹಾಗೇ ಇರಲಿ, ಮಂಡಿಸಿದ್ದಾರೆ ಅಂತ ಕೊಡ್ತೇನೆ."

ತಂಗಿ ನನ್ನ ಕಡೆ ನೋಡಿದಳು. ಖಾಯಂ ಆಗಬೇಕಾದವಳು ಅವಳು.

"ಆ ಶೀರ್ಷಿಕೆಯದ್ದನ್ನು ನಾನು ಮಂಡಿಸಲಿಲ್ಲ ಸರ್. ಬೀಡಿ ಅಂತ ಸೇರಿಸಿ."

"ಕೈಯಲ್ಲಿ ಬರೆದದ್ದನ್ನು ನಿಮ್ಮ ಕಾಲೇಜಿನವರು ಒಪ್ಪದಿದ್ದರೆ ನನ್ನನ್ನು ಹೇಳಬೇಡಿ ಮತ್ತೆ."

"ಹೇಳುವುದಿಲ್ಲ."

‘ಭಾಗವಹಿಸಿದ್ದಾರೆ’ಯನ್ನು ಹೊಡೆದು, ಕಂಪೆನಿಯ ಮುಂಚೆ ಸ್ವಲ್ಪ ಮೇಲಕ್ಕೆ ‘ಬೀಡಿ’ ಎಂದು ಬರೆದು, ಪಕ್ಕದಲ್ಲಿ ಸಹಿ ಮಾಡಿ ಕೊಟ್ಟರು. ಸಿದ್ಧಕಟ್ಟೆ ದಾಟಿದ ಮೇಲೆ ತಂಗಿ, ಬೇರೆ ಕಾಲೇಜುಗಳಲ್ಲಿ ಜಾಗ ಉಂಟಾ ಎಂದು ವಿಚಾರಿಸಲು ನನಗೆ ಹೇಳಿದಳು.

ಮುಂದಿನದ್ದು ನಾನು ಕಂಡದ್ದಲ್ಲ, ಅವಳು ಹೇಳಿದ್ದು. ಆಡಳಿತ ಮಂಡಳಿಯ ಅಧ್ಯಕ್ಷರು ಪ್ರಮಾಣಪತ್ರವನ್ನು ಬೆಳಕಿಗೆ ಹಿಡಿದು ನೋಡಿದರಂತೆ.

"ಬ್ರಿಟಿಷರಿಗೂ ಬೀಡಿಗೂ ಏನು ಸಂಬಂಧ?"

"ಸಂಬಂಧ ಇಲ್ಲ ಸರ್. ಪ್ರಬಂಧದಲ್ಲಿ ಹೇಳಿದ್ದು ಅದನ್ನೇ."

ಅವರು ಪತ್ರವನ್ನು ಮೇಜಿನ ಮೇಲಿಟ್ಟರಂತೆ. "ರಾಷ್ಟ್ರೀಯ ಅಂತ ಉಂಟಲ್ಲ?"

"ಉಂಟು ಸರ್. ಮೇಲೆಯೇ ಉಂಟು, ದಪ್ಪ ಅಕ್ಷರದಲ್ಲಿ."

ಖಾಯಂ ಆದೇಶ ಮೇ ಕೊನೆಯಲ್ಲಿ ಅವಳ ಕೈಸೇರಿತು.