ಪೂಜೆಗಿಟ್ಟ ರಿಮೋಟು

ದೇವರ ಮುಂದಿಟ್ಟ ರಿಮೋಟು ಸತ್ತುಹೋದರೆ ಯಾರನ್ನು ಬೈಯುವುದು? ದೇವರನ್ನೋ, ಭಾವನನ್ನೋ?

ನನ್ನ ಅಕ್ಕ, ಭಾವ ಇರುವುದು ತಿರುವನಂತಪುರದ ಉಳ್ಳೂರಿನಲ್ಲಿ. ಭಾವ ಕೇಂದ್ರ ಸರ್ಕಾರಿ ಕಚೇರಿಯಿಂದ ರಿಟೈರ್ ಆದವರು. ಕಾಸರಗೋಡು ಬಿಟ್ಟು ಎಷ್ಟೋ ಕಾಲವಾದರೂ ಪಂಚಾಂಗ ಬಿಟ್ಟವರಲ್ಲ. ಅಕ್ಕನಿಗೆ ಸ್ಟ್ರೋಕ್ ಆದಮೇಲೆ ಬಲಗೈ, ಬಲಗಾಲು ಹೇಳಿದ ಮಾತು ಕೇಳುವುದಿಲ್ಲ. ನಾಲಿಗೆ ಮಾತ್ರ ಮೊದಲಿನಷ್ಟೇ ಚುರುಕು (ದೇವರು ದೊಡ್ಡವನು!).

ಭಾವನ ತಂಗಿಯ ಮಗ ಮಸ್ಕತ್‌ನಿಂದ ರಜೆಗೆ ಬಂದವನು ಅಕ್ಕನಿಗೊಂದು ದೊಡ್ಡ ಉಪಕಾರ ಮಾಡಿ ಹೋಗಿದ್ದ. ಮನೆಯ ಪ್ಲಗ್ಗು, ಸ್ವಿಚ್ಚುಗಳಿಗೆಲ್ಲ ಬೆಂಕಿಪೊಟ್ಟಣದಷ್ಟು ದೊಡ್ಡ ವೈರ್‌ಲೆಸ್ ಮಾಡ್ಯೂಲ್ ಸಿಕ್ಕಿಸಿ, ಅಕ್ಕನ ಎಡಗೈಗೆ ಒಂದು ರಿಮೋಟು ಕೊಟ್ಟ. ಒತ್ತಿದರೆ ಫ್ಯಾನು, ಒತ್ತಿದರೆ ಲೈಟು. ಗೋಡೆಯಾಚೆಯ ಕೋಣೆಯದ್ದೂ ಉರಿಯುತ್ತದೆ! ಅಕ್ಕನಿಗೆ ಹೋದ ಜೀವ ಬಂದಂತಾಗಿತ್ತು.

ಆಮೇಲೆ ನವರಾತ್ರಿ ಬಂತು.

ಆಯುಧಪೂಜೆಗೆ ಭಾವ ಕತ್ತಿ, ಮಿಕ್ಸಿ, ಸ್ಕೂಟರ್ ಕೀ ಜೊತೆಗೆ ರಿಮೋಟನ್ನೂ ಮಣೆಯ ಮೇಲಿಟ್ಟರು. "ಈ ಮನೆಯಲ್ಲಿ ನಿಜವಾಗಿ ದುಡಿಯುವ ಆಯುಧ ಇದೊಂದೇ ಅಲ್ವಾ?" ಅಂತ ಅವರ ವಾದ. ಗಂಧ, ಕುಂಕುಮ, ಹೂವು. ಮೇಲಿಂದ ಧಾರಾಳವಾಗಿ ತೀರ್ಥದ ಪ್ರೋಕ್ಷಣೆ. ವಿಜಯದಶಮಿಯ ಬೆಳಿಗ್ಗೆ ಎತ್ತಿ ಒತ್ತಿದರೆ ಸದ್ದಿಲ್ಲ, ಸುದ್ದಿಯಿಲ್ಲ. ರಿಪೇರಿಯವನು ಬಿಚ್ಚಿದಾಗ ಒಳಗಿನಿಂದ ಗಂಧದ ಘಮಘಮ ಬಂತಂತೆ. ಮಸ್ಕತ್‌ಗೆ ಫೋನ್ ಮಾಡಿದರೆ ಆ ಮಾಡೆಲ್ಲೇ ನಿಂತುಹೋಗಿದೆಯಂತೆ.

ನಗಬೇಡಿ. ಸುದ್ದಿ ಕೇಳಿ ನಾನೂ ನಕ್ಕಿದ್ದೆ, ಉಳ್ಳೂರಿಗೆ ಹೋಗುವವರೆಗೆ. ಸಂಜೆ ಒಳಗೆ ಕಾಲಿಟ್ಟರೆ ಅಕ್ಕ ಕತ್ತಲಲ್ಲಿ ಕೂತಿದ್ದಾಳೆ. ಭಾವ ಅಡುಗೆಮನೆಯಲ್ಲಿ ಗಂಜಿ ಬೇಯಿಸುತ್ತಿದ್ದಾರೆ.

"ಅಲ್ಲ ಅಕ್ಕಾ, ಭಾವನನ್ನು ಕರೀಬಾರ್ದಾ?"

"ಎಷ್ಟು ಸರ್ತಿ ಅಂತ ಕರೆಯುದು ಮಾರಾಯ್ತಿ? ಫ್ಯಾನಿಗೂ ಅವರೇ, ಲೈಟಿಗೂ ಅವರೇ. ಅವರಿಗೂ ಪ್ರಾಯ ಆಯ್ತಲ್ವಾ."

ನಾನಿರುವ ಕೊಚ್ಚಿಗೆ ಹೊರಡುವಾಗ ರೇಡಿಯೊದ ಪ್ಲಗ್ಗಿನಿಂದ ಒಂದು ಮಾಡ್ಯೂಲ್ ಕಿತ್ತು ಬ್ಯಾಗಿಗೆ ಹಾಕಿಕೊಂಡೆ.

ನಾನು ಕೆಲಸ ಮಾಡುವ ಬ್ಯಾಂಕ್ ಇರುವ ಪಾಲಾರಿವಟ್ಟಂನಲ್ಲಿ ಸಿಗದ ಸಾಮಾನಿಲ್ಲ ಎಂಬ ಜಂಬ ನನಗೆ. ಮೊದಲ ಅಂಗಡಿಯವನು 'ಯೂನಿವರ್ಸಲ್' ರಿಮೋಟು ಕೊಟ್ಟ. ಜಗತ್ತಿಗೆಲ್ಲ ಆಗುವ ಅದು ನಮ್ಮ ಮಾಡ್ಯೂಲಿಗೆ ಆಗಲಿಲ್ಲ. (ಟಿವಿ ರಿಮೋಟಿನದು ಕಣ್ಣಿಗೆ ಕಾಣದ ಬೆಳಕು, ನಮ್ಮದು ರೇಡಿಯೊ ಅಲೆ. ಈಗ ಏನು ಬೇಕಾದರೂ ಕೇಳಿ, ಹೇಳುತ್ತೇನೆ!) ಇನ್ನೊಂದು ಅಂಗಡಿಯಲ್ಲಿ ಅದೇ ಕಂಪನಿಯ, ಅವಳಿಜವಳಿಯಂಥ ರಿಮೋಟೇ ಸಿಕ್ಕಿತು. ಒತ್ತಿದೆ. ಊಹೂಂ.

"ಚೇಚೀ, ಇದು ಅಮೆರಿಕದ್ದು. ಫ್ರೀಕ್ವೆನ್ಸಿ ವೇರೆಯಾಣ್," ಎಂದ ಅಂಗಡಿಯವನು. ಅದರ ಅಲೆಯೇ ಬೇರೆಯಂತೆ.

ರೂಪ ಒಂದೇ, ಮನೆತನ ಒಂದೇ, ಜಾತಕ ಮಾತ್ರ ಕೂಡುವುದಿಲ್ಲ! ನಮ್ಮ ಕಡೆ ಎಷ್ಟು ಒಳ್ಳೆಯ ಸಂಬಂಧಗಳು ಹೀಗೇ ತಪ್ಪಿಹೋಗಿಲ್ಲ?

ವಾರಗಟ್ಟಲೆ ಅಲೆದೆ. ಕೊನೆಗೆ, ಕಳ್ಳರು ಬಂದರೆ ಕೂಗುವ ಅಲಾರಂ ಮಾರುವ ಒಂದು ಅಂಗಡಿಯ ಡ್ರಾಯರಿನಿಂದ ಧೂಳು ಹಿಡಿದ ಪುಟ್ಟ ರಿಮೋಟೊಂದು ಹೊರಬಂತು. ಮಾಡ್ಯೂಲಿಗೆ ಟೇಬಲ್ ಲ್ಯಾಂಪ್ ಸಿಕ್ಕಿಸಿ, ಕೋಡ್ ಹೊಂದಿಸಿ ಒತ್ತಿದೆವು. ಟಕ್! ದೀಪ ಹತ್ತಿತು. ನಾನು ಅಂಗಡಿಯಲ್ಲೇ ಚಪ್ಪಾಳೆ ತಟ್ಟಿದೆ. ಮಾರಾಟವಾಗದ ಮಾಲು ಹೋಯಿತೆಂದು ಅಂಗಡಿಯವರೂ ತಟ್ಟಿದರು.

ಒಂದೇ ಕೊರತೆ. ಹಳೆಯದರಲ್ಲಿ ಸಾಲುಸಾಲು ಬಟನ್ನು, ಇದರಲ್ಲಿ ಮೂರೇ ಮೂರು. ಶನಿವಾರ ಬ್ಯಾಂಕು ಮುಗಿಸಿ ರೈಲು ಹತ್ತಿದೆ. ಭಾವನೂ ನಾನೂ ಮೀಟಿಂಗ್ ಮಾಡಿದೆವು. ಫ್ಯಾನು, ಬೆಡ್‌ರೂಮಿನ ಲೈಟು, ರೇಡಿಯೊ. ಸರ್ವಾನುಮತದ ನಿರ್ಣಯ! ಪಕ್ಕದಲ್ಲೇ ಕೂತಿದ್ದ ಅಕ್ಕನನ್ನು ಒಂದು ಮಾತು ಕೇಳಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ.

"ರೇಡಿಯೊ ಬೇಡ," ಎಂದಳು ಅಕ್ಕ. "ಹೊರಗಿನ ಮೆಟ್ಟಿಲಿನ ಲೈಟು ಕೊಡಿ."

"ನೀನು ಮೆಟ್ಟಿಲು ಇಳಿಯುದೇ ಇಲ್ವಲ್ಲಾ! ನಿನಗೆ ಎಂತಕ್ಕೆ ಅದು?"

"ನನಗಲ್ಲ ಮಾರಾಯ್ತಿ. ಇವರು ಸಂಜೆ ಹಾಲು ತಕೊಂಡು ಬರುವಾಗ ಅಲ್ಲಿ ಕತ್ತಲೆ. ಗೇಟಿನ ಶಬ್ದ ಕೇಳಿದ ಕೂಡ್ಲೇ ನಾನು ಲೈಟು ಹಾಕ್ತಿದ್ದೆ. ಇವರಿಗೆ ನನ್ನಿಂದ ಆಗ್ತಾ ಇದ್ದದ್ದು ಅದೊಂದೇ."

ಭಾವ ರಿಮೋಟು ತೆಗೆದುಕೊಂಡು ಮೂರನೆಯ ಬಟನ್ನಿಗೆ ಮೆಟ್ಟಿಲಿನ ಲೈಟು ಹೊಂದಿಸಿ, ಅಕ್ಕನ ಎಡಗೈಯಲ್ಲಿಟ್ಟು, ಹಾಲಿನ ಪಾತ್ರೆ ಹಿಡಿದು ಹೊರಟರು. ನನಗೆ ಅಳು ತಡೆಯಲಾಗಲಿಲ್ಲ.

ಹುಷಾರಿಲ್ಲದವರನ್ನು ನೋಡಲು ಹೋದಾಗ "ನಿಮಗೆ ಏನಾದರೂ ಬೇಕಾ?" ಎಂದು ಎಲ್ಲರೂ ಕೇಳುತ್ತೇವೆ. "ನಮಗೊಂದು ಕೆಲಸ ಮಾಡಿಕೊಡುತ್ತೀರಾ?" ಎಂದು ಯಾರಾದರೂ ಕೇಳಿದ್ದೇವೆಯೇ?