ಮಾವನ ಬೆನ್ನಿನ ಕುಳಿ

ನಮ್ಮ ಮಾವನ ಸೊಂಟದಲ್ಲಿ, ಉಡಿದಾರಕ್ಕಿಂತ ಎರಡು ಬೆರಳು ಮೇಲೆ, ಒಂದು ಕುಳಿ ಇತ್ತು. ಬಾವಿಕಟ್ಟೆಯಲ್ಲಿ ಅವರು ತಲೆಗೆ ನೀರು ಸುರಿದುಕೊಂಡರೆ ಬೆನ್ನ ಮೇಲೆ ನೆಟ್ಟಗೆ ಇಳಿದ ನೀರು ಅಲ್ಲಿ ಬಂದು ತಡೆದು ಎರಡು ಕವಲಾಗುತ್ತಿತ್ತು. ಸೊಸೆಯಾದವಳು ಇದನ್ನೆಲ್ಲ ನೋಡಬಾರದು, ನಿಜ. ಆದರೆ ಬಾವಿ ಇದ್ದದ್ದು ಅಡುಗೆಮನೆಯ ಬಾಗಿಲಿನ ಎದುರಿಗೇ, ನಾನೇನು ಕಣ್ಣು ಮುಚ್ಚಿಕೊಂಡು ರೊಟ್ಟಿ ತಟ್ಟಲೇ? ಸಾಮು ಮಾಡಿದ ಮೈ, ಹಾಗೇ ಇರುತ್ತದೆ ಎಂದು ಊರವರೆಲ್ಲ ಅಂದುಕೊಂಡಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ.

ಐವತ್ತರ ದಶಕ ಮುಗಿಯುವ ಹೊತ್ತಿಗೆ ನಾನು ಹುಳಿಮಾವಿನಿಂದ ಯಡಿಯೂರಿಗೆ ಮದುವೆಯಾಗಿ ಬಂದೆ. ಜಯನಗರದ ಬಡಾವಣೆಗೆ ಸರ್ಕಾರದವರು ಗೂಟ ಹೊಡೆಯುತ್ತ ಹೊಡೆಯುತ್ತ ನಮ್ಮ ರಾಗಿ ಹೊಲದ ಬದುವಿಗೆ ಬಂದಿದ್ದ ಕಾಲ. ಮಾವ ಊರ ಗರಡಿಯ ವಸ್ತಾದಿ, ಹುಡುಗರಿಗೆ ಕುಸ್ತಿ ಕಲಿಸುವ ಗುರು. ಕಂಡದ್ದನ್ನೆಲ್ಲ ಪೈಲ್ವಾನ್ ಎಂದು ಕರೆಯುವುದು ಅವರ ರೂಢಿ. ಕರು ಪೈಲ್ವಾನ್, ಹಾಲಿಗೆ ಹೊಂಚು ಹಾಕುವ ಬೆಕ್ಕು ಪೈಲ್ವಾನ್, ಒಲೆ ಊದಿ ಕಣ್ಣು ಕೆಂಪಾಗಿಸಿಕೊಂಡ ನಾನೂ ಪೈಲ್ವಾನ್. ನೆಲಕ್ಕೆ ಬಿದ್ದ ಟವೆಲನ್ನು ಅವರು ಬಗ್ಗಿ ಎತ್ತುತ್ತಿರಲಿಲ್ಲ. ಕಾಲ್ಬೆರಳಲ್ಲಿ ಕಚ್ಚಿ ಹಿಡಿದು ಕೈಗೆ ತಂದುಕೊಳ್ಳುತ್ತಿದ್ದರು. ವಸ್ತಾದಿ ಯಾರ ಮುಂದೂ ಬಗ್ಗೋದಿಲ್ಲ ಎಂದು ಹುಡುಗರು ಎದೆಯುಬ್ಬಿಸಿ ಹೇಳುತ್ತಿದ್ದರು. ಅದು ನೋವು ಎಂದು ಒಬ್ಬರಿಗೂ ಹೊಳೆದಿರಲಿಲ್ಲ.

ನಾನು ಬಂದ ಹೊಸದರಲ್ಲಿ ಒಂದು ಬೆಳಿಗ್ಗೆ ತುಂಬಿದ ಕೊಡವನ್ನು ಬಗ್ಗಿ ಎತ್ತಲು ಹೋದೆ. ಜಗಲಿಯಿಂದ ಮಾವನ ದನಿ ಬಂತು.

"ನಿಲ್ಲವ್ವ ಪೈಲ್ವಾನ್. ಹಂಗಲ್ಲ. ಕುಕ್ಕರಗಾಲಲ್ಲಿ ಕೂತ್ಕೊ. ಕೊಡ ಎದೆಗೆ ಒತ್ಕೊ. ಈಗ ತೊಡೇಲಿ ಏಳು. ಭಾರ ಬೆನ್ನಿಗೆ ಗೊತ್ತಾಗ್ಬಾರ್ದು ಕಣವ್ವ."

"ಹೊಸ ಸೊಸೆ ಕೈಲಿ ಬಸ್ಕಿ ಹೊಡೆಸ್ತಾವ್ರೆ ನೋಡಿ," ಎಂದು ಅತ್ತೆ ನಕ್ಕರು. ನಾನು ನಾಚಿಕೊಂಡೆ, ಆದರೆ ಆವತ್ತಿನಿಂದ ಹಾಗೇ ಎತ್ತಿದೆ. ಈಗಲೂ ಅಕ್ಕಿ ಮೂಟೆ ಸರಿಸುವಾಗ ಹಾಗೇ ಕೂರುತ್ತೇನೆ.

ನಾನು ಹುಟ್ಟುವಾಗ ಕಾಲು ಮುಂದಾಗಿ ಬಂದವಳು. ಅಂಥವರು ತುಳಿದರೆ ಸೊಂಟದ ಉಳುಕು ಬಿಡುತ್ತದೆ ಎಂಬ ನಂಬಿಕೆ ನಮ್ಮ ಕಡೆ ಉಂಟು. ಈ ಸುದ್ದಿ ನನ್ನ ತಮ್ಮನ ಬಾಯಿಂದ ಹೊರಬಿದ್ದದ್ದೇ ತಡ, ಬೀದಿಯ ಹೆಂಗಸರೆಲ್ಲ ನಮ್ಮ ಜಗಲಿಗೆ ಬಂದು ಮಗುಚಿ ಮಲಗತೊಡಗಿದರು. ಸಾರಕ್ಕಿಯಿಂದಲೂ ಬರುತ್ತಿದ್ದರು. ಉಳುಕು ಬಿಡುತ್ತಿತ್ತೋ ಇಲ್ಲವೋ, ಅವರು ಕಾಣಿಕೆಯಾಗಿ ತರುತ್ತಿದ್ದ ನಿಂಬೆಹಣ್ಣಿಗೆ ಮಾತ್ರ ನನಗೆ ಬರವಿರಲಿಲ್ಲ.

ಒಂದು ಶ್ರಾವಣದ ಬೆಳಿಗ್ಗೆ ಮಾವ ಗರಡಿಯಿಂದ ಗೋಡೆ ಹಿಡಿದುಕೊಂಡು ಬಂದರು. ಗರಡಿಯ ಮುಂದೆ ಒಂದು ಗುಂಡುಕಲ್ಲು ಇತ್ತು. ವಿಜಯದಶಮಿಯ ದಿನ ಪೂಜೆಯಾದ ಮೇಲೆ ವಸ್ತಾದಿ ಅದನ್ನು ಹೆಗಲಿಗೆ ಎತ್ತಿ ಹಿಂದಕ್ಕೆ ಒಗೆಯಬೇಕು. ಆಮೇಲೆಯೇ ಉಳಿದವರ ಸಾಮು. ವಸ್ತಾದಿಗೆ ಆಗದಿದ್ದರೆ ಅವನ ಮಗ ಎತ್ತಬೇಕು. ಇಬ್ಬರೂ ಎತ್ತದಿದ್ದರೆ ಆ ವರ್ಷ ಗರಡಿಯಲ್ಲಿ ದೀಪ ಹಚ್ಚುವಂತಿಲ್ಲ. ದಸರಾ ಹತ್ತಿರ ಬಂತೆಂದು ಮಾವ ಆವತ್ತು ಕಲ್ಲನ್ನು ಮಂಡಿಯವರೆಗೆ ಎತ್ತಿ ನೋಡಿದ್ದರು. ಸೊಂಟದೊಳಗೆ ಏನೋ ಕಳಕ್ ಎಂದಿತಂತೆ.

"ತುಳಿಯೋ ಕಾಲು ಮನೇಲೇ ಇಟ್ಕೊಂಡು ಊರೆಲ್ಲ ಯಾಕೆ ಹುಡುಕ್ತೀರಿ?" ಎಂದರು ಅತ್ತೆ.

"ಸೊಸೆ ಕಾಲು ನನ್ ಬೆನ್ ಮ್ಯಾಲಾ? ನಾಳೆ ನಾನು ಗರಡೀಲಿ ಮುಖ ಎತ್ತೋದು ಬ್ಯಾಡ್ವೇನೆ?"

ಮಾವನಿಗೆ ಸೊಸೆಯ ಸೆರಗು ಸೋಕಬಾರದ ಮನೆಯಲ್ಲಿ ಅದೇನು ಸಣ್ಣ ಮಾತಲ್ಲ. ಅತ್ತೆಯೇ ಒಂದು ದಾರಿ ಹುಡುಕಿದರು. ಮಾವನ ಮೇಲೆ ಕಂಬಳಿ ಹೊದೆಸಿದರು. ನನ್ನ ಪಾದಕ್ಕೆ ಅರಿಶಿನ ಹಚ್ಚಿದರು. ತುಳಿಯುವ ಮುಂಚೆ ಒಮ್ಮೆ, ತುಳಿದ ಮೇಲೆ ಒಮ್ಮೆ ಮಾವನ ಕಾಲಿಗೆ ಬೀಳಬೇಕು, ನಡುವೆ ಗೋಡೆ ಕಡೆ ನೋಡುತ್ತಿರಬೇಕು. ಪೂರ್ತಿ ಭಾರ ಬೀಳದಿರಲಿ ಎಂದು ತೊಲೆಗೆ ತೊಟ್ಟಿಲ ಹಗ್ಗ ಇಳಿಬಿಟ್ಟು ಹಿಡಿಯಲು ಕೊಟ್ಟರು. ನಗು ತಡೆಯಲು ನಾನು ತುಟಿ ಕಚ್ಚಿಕೊಂಡಿದ್ದೆ.

ಎಡಗಾಲಿನ ಹಿಮ್ಮಡಿ ಆ ಕುಳಿಗೆ ಇಳಿದಾಗ ನಗು ಹೋಯಿತು. ಬೇರೆ ಬೆನ್ನುಗಳಲ್ಲಿ ಎಲುಬು ಮಣಿ ಪೋಣಿಸಿದ ಹಾಗೆ ಸಾಲಾಗಿ ಸಿಗುತ್ತದೆ. ಇಲ್ಲಿ ಮೇಲಿನ ಮಣಿ ಇರಬೇಕಾದ ಕಡೆ ಇರಲಿಲ್ಲ, ಒಳಗೆ ಜಾರಿತ್ತು. ಕಾಲು ತಟ್ಟನೆ ಹಿಂದಕ್ಕೆ ಎಳೆದುಕೊಂಡೆ.

"ಗೊತ್ತಾಯ್ತೇನವ್ವ?" ಮಾವ ಮೆಲ್ಲಗೆ ಕೇಳಿದರು.

"ಹೂಂ ಮಾವ."

"ಭಾಳ ವರ್ಷದ್ದು ಕಣವ್ವ. ಯಾರಿಗೂ ಹೇಳ್ಬ್ಯಾಡ. ದಸರಾ ಕಳೀಲಿ."

ಅಂಥ ಮಾತಿಗೆಲ್ಲ ಕಟ್ಟುಬೀಳುವವಳಲ್ಲ ನಾನು. ಸಂಜೆ ಯಜಮಾನರು ಬಟ್ಟೆ ಗಿರಣಿಯ ಕೆಲಸ ಮುಗಿಸಿ ಬಂದೊಡನೆ ಹೇಳಿದೆ. ಅವರು ಮಾವನನ್ನು ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದರು. ಡಾಕ್ಟರು ಎಕ್ಸ್-ರೇಯನ್ನು ಕಿಟಕಿಗೆ ಹಿಡಿದು, "ಇನ್ನು ಒಂದೇ ಒಂದು ಸಲ ತೂಕದ ಸಾಮಾನು ಎತ್ತಿದರೂ ಕಾಲು ಹೋಗತ್ತೆ ಯಜಮಾನ್ರೇ," ಎಂದರಂತೆ. ನಾನು ಹೇಳಿಬಿಟ್ಟದ್ದಕ್ಕೆ ಮಾವ ಬೈಯಲಿಲ್ಲ. "ಪೈಲ್ವಾನ್ ಪಟ್ಟು ಹಾಕ್ಬುಟ್ಳು," ಎಂದು ನಕ್ಕರು, ಅಷ್ಟೇ.

ಆದರೆ ಕಲ್ಲು ಅಲ್ಲೇ ಇತ್ತಲ್ಲ. ಈಗ ಅದನ್ನು ಎತ್ತಬೇಕಾದವರು ನನ್ನ ಗಂಡ. ದಿನವಿಡೀ ಮಗ್ಗದ ಮುಂದೆ ನಿಲ್ಲುವ ಸಣ್ಣ ಮೈಯವರು, ಗರಡಿಗೆ ಹೋಗುವುದನ್ನು ಎಂದೋ ಬಿಟ್ಟಿದ್ದವರು. "ನಾನು ಎತ್ತುತ್ತೀನಿ, ಅಪ್ಪನ ಮರ್ಯಾದೆ ಪ್ರಶ್ನೆ," ಎಂದು ಹಠ ಹಿಡಿದರು. ನಾನು ಅತ್ತುಕರೆದೆ, ಬೈದೆ, ಊಟ ಬಿಟ್ಟೆ. ಕಲ್ಲು ಒಂದು ವರ್ಷ ಬಿದ್ದಿದ್ದರೆ ಯಾವ ಆಕಾಶ ಕಳಚಿ ಬೀಳುತ್ತದೆ ಎಂದು ಕೇಳಿದೆ. ಅಪ್ಪ ಮಗ ಇಬ್ಬರೂ ನಾನು ಬೇರೆ ಭಾಷೆಯಲ್ಲಿ ಮಾತಾಡಿದಂತೆ ನನ್ನ ಮುಖ ನೋಡಿದರು. ಆ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ.

ಗರಡಿಗೆ ಹೆಂಗಸರು ಹೋಗುವಂತಿರಲಿಲ್ಲ. ವಿಜಯದಶಮಿಯ ದಿನ ಅದರ ಎದುರು ಮನೆಯ ಕಿಟಕಿಯಿಂದ ನೋಡುತ್ತಿದ್ದೆ. ಯಜಮಾನರು ಅಂಗಿ ಬಿಚ್ಚಿ, ಕೆಮ್ಮಣ್ಣು ಕೈಗೆ ತಿಕ್ಕಿಕೊಂಡು ಕಲ್ಲಿನ ಮುಂದೆ ಬಗ್ಗಿದರು. ಕುಕ್ಕರಗಾಲಲ್ಲಿ ಕೂರಲಿಲ್ಲ, ಸೊಂಟದಿಂದ ಬಗ್ಗಿದರು. ಮಾವನೂ ಅದನ್ನು ನೋಡಿದರು. ಮುಂದೆ ಬಂದು ಮಗನ ಹೆಗಲ ಮೇಲೆ ಕೈಯಿಟ್ಟು ಪಕ್ಕಕ್ಕೆ ಸರಿಸಿದರು.

"ಏಳೋ. ನಿನ್ ಬೆನ್ನು ಬಾಳ್ವೆ ಮಾಡ್ಬೇಕು. ನಂದು ಆಗಿ ಹೋಗೈತೆ."

ಯಾರಾದರೂ ತಡೆಯುವ ಮೊದಲೇ ಕೂತು, ಕಲ್ಲನ್ನು ಎದೆಗೆ ಒತ್ತಿಕೊಂಡು ಎದ್ದರು. ನನಗೆ ಕಲಿಸಿದ ಹಾಗೆಯೇ, ತೊಡೆಯಲ್ಲಿ. ಹೆಗಲಿಗೆ ಏರಿಸಿ ಹಿಂದಕ್ಕೆ ಒಗೆದರು. ಜನ ಶಿಳ್ಳೆ ಹಾಕಿದರು, ಹಾರ ಹಾಕಿದರು. ಮಾವ ನಗುತ್ತ ನಿಂತೇ ಇದ್ದರು. ಹಾರ ಹಾಕಿದವರೆಲ್ಲ ಹೋದರೂ ನಿಂತಲ್ಲಿಂದ ಕದಲಲಿಲ್ಲ. ಆಗ ಯಜಮಾನರು ಓಡಿ ಹೋಗಿ ಹಿಡಿದುಕೊಂಡರು.

ಮನೆಗೆ ಹೊತ್ತು ತಂದು ಮಲಗಿಸಿದರು. ಮಾವನೇ ನನ್ನನ್ನು ಕರೆದರು. "ಬಾರವ್ವ, ತುಳಿ. ಕಾಲು ಜೋಮು ಹಿಡ್ದಂಗೈತೆ. ಸೊಂಟ ಬ್ಯಾಡ, ಕಾಲು ತುಳಿ."

ಈ ಸಲ ಅತ್ತೆ ಕಂಬಳಿ ತರಲಿಲ್ಲ, ಅರಿಶಿನ ತರಲಿಲ್ಲ. ತೊಟ್ಟಿಲ ಹಗ್ಗವನ್ನು ಯಾರೂ ನೆನೆಯಲಿಲ್ಲ. ಮಾವ ಗೋಡೆಗೆ ಮುಖ ಮಾಡಿ ಮಗುಚಿ ಮಲಗಿದ್ದರು. ನಾನು ಅವರ ಮೀನಖಂಡದ ಮೇಲೆ ಎರಡೂ ಕಾಲಿಟ್ಟು ನಿಂತೆ.

"ಯಾಕವ್ವ ಸುಮ್ನೆ ನಿಂತೆ?" ಎಂದರು ಮಾವ. "ಇನ್ನೂ ತುಳೀಲಿಲ್ವಾ?"

ನನ್ನ ಮೈಯ ಪೂರ್ತಿ ಭಾರ ಅವರ ಕಾಲ ಮೇಲಿತ್ತು. ಅತ್ತೆ ಸೆರಗು ಬಾಯಿಗೆ ತುರುಕಿಕೊಂಡರು.

"ಇಗೋ ಮಾವ, ಈಗ ತುಳೀತೀನಿ," ಎಂದೆ.

ಆಮೇಲೆ ಮಾವ ಏಳಲಿಲ್ಲ. ಜಗಲಿಯ ಮೇಲೆ ಮಲಗಿಕೊಂಡೇ ಒಂದೆರಡು ವರ್ಷ ಇದ್ದರು. ಹೊಸ ರಸ್ತೆಗೆ ಜಲ್ಲಿ ಹೊರುವವರನ್ನು ಕಂಡರೆ ಅಲ್ಲಿಂದಲೇ ಕೂಗುತ್ತಿದ್ದರು, "ತೊಡೇಲಿ ಎತ್ರೋ ಪೈಲ್ವಾನ್, ತೊಡೇಲಿ." ಒಂದು ಮಧ್ಯಾಹ್ನ ಮಜ್ಜಿಗೆ ತೆಗೆದುಕೊಂಡು ಹೋದಾಗ ಕಣ್ಣು ತೆರೆದೇ ಇತ್ತು, ಅವರು ಇರಲಿಲ್ಲ.

ನಾನು ಮತ್ತೆ ಬಹುಕಾಲ ಯಾರ ಬೆನ್ನನ್ನೂ ತುಳಿಯಲಿಲ್ಲ. ಬಂದವರನ್ನು ಕಾಫಿ ಕೊಟ್ಟು ಕಳಿಸುತ್ತಿದ್ದೆ. ಆದರೂ ಆ ಕುಳಿ ನನ್ನ ಹಿಮ್ಮಡಿಯನ್ನು ಬಿಡಲಿಲ್ಲ. ಕತ್ತಲಲ್ಲಿ ಮೆಟ್ಟಿಲು ತಪ್ಪಿದರೆ, ಬಸ್ಸಿನ ಸವೆದ ಫುಟ್‌ಬೋರ್ಡಿನ ಮೇಲೆ ಕಾಲಿಟ್ಟರೆ ಅದು ಸಿಗುತ್ತದೆ. ಹಿಂದೆಯೇ ಆ ಪ್ರಶ್ನೆ ಕೇಳಿಸುತ್ತದೆ, ಇನ್ನೂ ತುಳೀಲಿಲ್ವಾ. ಆಗ ಕಾಲು ಎತ್ತಲು ನನಗೆ ಭಯ.

ಮಕ್ಕಳೆಲ್ಲ ದೊಡ್ಡವರಾದ ಮೇಲೆ ಒಂದು ದಿನ ಯಜಮಾನರು ಗ್ಯಾಸ್ ಸಿಲಿಂಡರ್ ಸರಿಸಲು ಹೋಗಿ ಸೊಂಟ ಹಿಡಿದುಕೊಂಡರು. "ಒಂಚೂರು ತುಳಿಯೇ, ಈ ಸಲ ಮಾತ್ರ," ಎಂದು ಚಾಪೆಯ ಮೇಲೆ ಮಗುಚಿ ಮಲಗಿದರು. ಆಗುವುದಿಲ್ಲ ಎಂದೆ. ಆಮೇಲೆ ಗೋಡೆ ಹಿಡಿದು ಎಡಗಾಲು ಇಟ್ಟೆ. ಉಡಿದಾರಕ್ಕಿಂತ ಎರಡು ಬೆರಳು ಮೇಲೆ ಹಿಮ್ಮಡಿ ತಾನಾಗಿ ಆ ಕುಳಿಯನ್ನು ಹುಡುಕಿತು. ಮಣಿಗಳು ಸಾಲಾಗಿ ಸಿಕ್ಕಿದವು, ಒಂದೂ ಜಾರಿರಲಿಲ್ಲ. ಮಾವ ಪಕ್ಕಕ್ಕೆ ಸರಿಸಿ ಉಳಿಸಿಕೊಟ್ಟ ಬೆನ್ನು. ಬೆನ್ನಿನಿಂದ ಇಳಿದು ಯಜಮಾನರ ಮೀನಖಂಡದ ಮೇಲೆ ಎರಡೂ ಕಾಲಿಟ್ಟು ನಿಂತೆ, ಪೂರ್ತಿ ಭಾರ ಬಿಟ್ಟೆ, ಉಸಿರು ಹಿಡಿದು ಕಾದೆ.

"ಅಯ್ಯೋ, ಇಳಿಯೇ," ಎಂದರು ಯಜಮಾನರು. "ನೋಯ್ತದೆ."

ನಾನು ಕೆಳಗಿಳಿದು ಅವರ ಕಾಲ ಹತ್ತಿರ ಕೂತು, ಆವತ್ತು ಮಾವನ ಕಾಲಿಗೆ ಬಿದ್ದ ಹಾಗೆಯೇ ನೆಲಕ್ಕೆ ತಲೆಯಿಟ್ಟು ಅತ್ತುಬಿಟ್ಟೆ.